ದನಿ ಕೈ ಬದಲಾಗುವ ಜಾಗ: ಮನೆಯಲ್ಲೇ ಸ್ಪೀಕರ್ ಕಟ್ಟುವ ಬಗೆ

ನಾನು ಮೊದಲ ಸಲ ಕಟ್ಟಿದ ಸ್ಪೀಕರ್ ಜೋಡಿ ನೋಡೋಕೆ ತುಂಬಾ ಚೆನ್ನಾಗಿತ್ತು. ಹೊರಗೆ ತೇಗದ ವಿನೀರ್, ಅದರ ಮೇಲೆ ಅರಗಿನ ಪಾಲಿಶ್. ತಬಲಾ ಹಾಕಿದರೆ ಡಗ್ಗಾ ಎದೆಗೆ ಬಡಿಯುತ್ತಿತ್ತು. ತಾಳದ ಸದ್ದು ಚುರುಕಾಗಿ ಕೇಳುತ್ತಿತ್ತು. ಆದರೆ ಹಾಡುವವರ ದನಿ ಮಾತ್ರ ಪಕ್ಕದ ಕೋಣೆಯಿಂದ ಬಂದ ಹಾಗೆ ಇತ್ತು. ಎರಡು ದಿನ ಡಬ್ಬ ಬಿಚ್ಚಿ, ಮುಚ್ಚಿ, ಒಳಗಿನ ಹತ್ತಿ ಬದಲಾಯಿಸಿ ನೋಡಿದೆ. ಏನೂ ಆಗಲಿಲ್ಲ. ಕೊನೆಗೆ ಟ್ವೀಟರ್, ಅಂದರೆ ಏರು ನಾದ ನುಡಿಸುವ ಚಿಕ್ಕ ಸ್ಪೀಕರ್, ಅದರ ಹಿಂದಿನ ಎರಡು ವೈರ್ ಬಿಚ್ಚಿ, ಅದಲು ಬದಲು ಮಾಡಿ ಬೆಸುಗೆ ಹಾಕಿದೆ. ದನಿ ಎದುರಿಗೇ ಬಂದು ಕೂತಿತು.

ಅವತ್ತಿನಿಂದ ಸ್ಪೀಕರ್ ಕಟ್ಟಬೇಕು ಅಂತ ಕೇಳಿಕೊಂಡು ಬರುವವರಿಗೆಲ್ಲ ನಾನು ಹೇಳುವುದು ಒಂದೇ. ಡಬ್ಬ ಮುಖ್ಯ, ಅದರಲ್ಲಿ ಕೂರಿಸುವ ಒಳ್ಳೆಯ ಡ್ರೈವರ್ (ಕೋನ್, ಅಯಸ್ಕಾಂತ ಇರುವ ಬಿಡಿ ಸ್ಪೀಕರ್) ಮುಖ್ಯ, ನಿಜ. ಆದರೆ ದೊಡ್ಡ ಸ್ಪೀಕರ್ ತನ್ನ ಕೆಲಸ ನಿಲ್ಲಿಸಿ ಚಿಕ್ಕದರ ಕೈಗೆ ಕೊಡುವ ಜಾಗ ಇದೆಯಲ್ಲ, ಸ್ಪೀಕರ್ ಗೆಲ್ಲುವುದೂ ಸೋಲುವುದೂ ಅಲ್ಲೇ. ಆ ಜಾಗವನ್ನು ನೋಡಿಕೊಳ್ಳುವ ಸರ್ಕ್ಯೂಟ್‌ಗೆ ಕ್ರಾಸ್‌ಓವರ್ ಅಂತ ಹೆಸರು. ಅದರಲ್ಲಿರುವುದು ಒಂದಿಷ್ಟು ಕಂಡೆನ್ಸರ್, ಒಂದಿಷ್ಟು ತಾಮ್ರದ ಕಾಯಿಲ್, ಎರಡು ಮೂರು ರೆಸಿಸ್ಟರ್. ಎಲ್ಲವನ್ನೂ ಮನೆಯಲ್ಲೇ ಕೈಯಾರೆ ಜೋಡಿಸಬಹುದು.

ಎರಡು ಸ್ಪೀಕರ್ ಯಾಕೆ ಬೇಕು

ಮೃದಂಗ ನೋಡಿ. ಒಂದೇ ಮರ, ಆದರೆ ಎರಡು ಮುಖ. ಎಡಗಡೆ ಅಗಲ, ಕಛೇರಿಗೆ ಮುಂಚೆ ಅದಕ್ಕೆ ರವೆಯ ಮುದ್ದೆ ಮೆತ್ತಿ ಭಾರ ಮಾಡುತ್ತಾರೆ. ಬಲಗಡೆ ಚಿಕ್ಕದು, ಬಿಗಿ. ಭಾರವಾದ ಅಗಲ ಚರ್ಮ ನಿಧಾನವಾಗಿ ಅಲುಗುತ್ತದೆ, ಅದರಿಂದ ತಗ್ಗಿನ ನಾದ. ಬಿಗಿಯಾದ ಚಿಕ್ಕ ಮುಖದಿಂದ ಏರು ನಾದ. ಎರಡನ್ನೂ ಒಂದೇ ಮುಖದಲ್ಲಿ ನುಡಿಸೋಕೆ ಆಗಲ್ಲ. ಸ್ಪೀಕರ್ ಕಥೆಯೂ ಇದೇ.

ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಎಣಿಕೆ. ಸಂಗೀತದ ಲೆಕ್ಕದಲ್ಲಿ ಒಂದು ಸ್ಥಾಯಿ ಮೇಲೆ ಹೋದರೆ ಕಂಪನ ಎರಡು ಪಟ್ಟು. ಹಾಗೆ ಎಣಿಸಿದರೆ ಕಿವಿಯ ಹರವು ಹತ್ತು ಸ್ಥಾಯಿ. 20 ಹರ್ಟ್ಜ್ ಅಲೆಯ ಉದ್ದ 17 ಮೀಟರ್, 20,000 ಹರ್ಟ್ಜ್ ಅಲೆಯದ್ದು ಎರಡು ಸೆಂಟಿಮೀಟರ್ ಕೂಡ ಇಲ್ಲ. ಇಷ್ಟು ದೂರದ ಎರಡು ತುದಿಗಳನ್ನು ಒಂದೇ ಕಾಗದದ ಕೋನ್ ನಿಭಾಯಿಸಬೇಕು ಅಂದರೆ ಕಷ್ಟ ಅಲ್ವಾ?

ತಗ್ಗಿನ ನಾದದ ದೊಡ್ಡ ಸ್ಪೀಕರ್‌ಗೆ ಊಫರ್ ಅಂತಾರೆ. ಆರೂವರೆ ಇಂಚಿನ ಊಫರ್ ತಗೊಳ್ಳಿ. ಅದರ ಕೋನ್‌ನ ಅಲುಗುವ ಭಾಗ ಸುಮಾರು 13 ಸೆಂಟಿಮೀಟರ್ ಅಗಲ. ಅಲೆಯ ಉದ್ದವೂ ಅಷ್ಟೇ ಆಗುವುದು ಹೆಚ್ಚುಕಮ್ಮಿ 2,600 ಹರ್ಟ್ಜ್‌ನಲ್ಲಿ. ಅಲ್ಲಿಂದ ಮೇಲೆ ಶಬ್ದ ಕೋಣೆ ತುಂಬಾ ಹರಡದೆ ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಮಾತ್ರ ಹೋಗುತ್ತದೆ. ಟ್ವೀಟರ್‌ನ ತೊಂದರೆ ಇದಕ್ಕೆ ತಿರುವುಮುರುವು. ಒಂದಿಂಚಿನ ಗುಮ್ಮಟದ ಟ್ವೀಟರ್‌ಗಳ ಸಹಜ ಅನುರಣನ, ಅಂದರೆ ತಾನಾಗಿಯೇ ಜೋರಾಗಿ ಅಲುಗುವ ಕಂಪನ, ಸಾಮಾನ್ಯವಾಗಿ 1,000 ಹರ್ಟ್ಜ್ ಆಸುಪಾಸು ಇರುತ್ತದೆ. ಅದರ ಎರಡು ಪಟ್ಟಿಗಿಂತ ಕೆಳಗೆ ಕೆಲಸ ಕೊಟ್ಟರೆ ಕಿರುಚುತ್ತದೆ, ಜೋರು ಮಾಡಿದರೆ ಸುಟ್ಟೇ ಹೋಗುತ್ತದೆ. ಹಾಗಾಗಿ ಕೈ ಬದಲಾಯಿಸೋಕೆ ಸಿಗುವುದು 2,000ರಿಂದ 2,600ರವರೆಗಿನ ಒಂದು ಕಿರಿದಾದ ಓಣಿ. ನಾನು 2,500 ಇಟ್ಟುಕೊಳ್ಳುತ್ತೇನೆ. ಮಾತಿನ ವ್ಯಂಜನಗಳು ಬಿಡಿಬಿಡಿಯಾಗಿ ಕೇಳೋದು ಈ ಜಾಗದ ಶಬ್ದದಿಂದಲೇ. ಇಲ್ಲಿ ಎಡವಿದರೆ ದನಿಯೇ ಮಬ್ಬಾಗುತ್ತದೆ.

ಡಬ್ಬದ ಲೆಕ್ಕ

ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನದು ಸಡಿಲವಾಗುತ್ತದೆ. ತಗ್ಗಿನ ನಾದದಲ್ಲಿ ಇವೆರಡೂ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಡಬ್ಬದಲ್ಲಿ ಇಡದ ಊಫರ್‌ಗೆ ಬೇಸ್ ಬರದಿರೋದು ಇದಕ್ಕೇ. ಹಿಂದಿನ ಗಾಳಿಯನ್ನು ಕೂಡಿಹಾಕೋದು ಡಬ್ಬದ ಮೊದಲ ಕೆಲಸ.

ಎಷ್ಟು ದೊಡ್ಡ ಡಬ್ಬ ಅನ್ನೋದಕ್ಕೆ ಹಿಂದೆಲ್ಲ ಅಂದಾಜೇ ಗತಿ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಒಂದು ಪ್ರಬಂಧದಲ್ಲಿ ಇದಕ್ಕೆ ಗಣಿತ ಕೊಟ್ಟರು. 1970ರ ದಶಕದ ಶುರುವಿನಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಈಗ ಊಫರ್ ಜೊತೆ ಬರುವ ಕಾಗದದಲ್ಲಿ ಇವರಿಬ್ಬರ ಹೆಸರಿನ ಅಂಕಿಗಳು ಇರುತ್ತವೆ. ಆ ಕಾಗದ ಇಲ್ಲದ ಊಫರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತಗೋಬೇಡಿ.

ಒಂದು ಉದಾಹರಣೆ. ಊಫರ್‌ನ ಅನುರಣನ 45 ಹರ್ಟ್ಜ್, ಕ್ಯೂಟಿಎಸ್ (ಅನುರಣನದಲ್ಲಿ ಕೋನ್ ಎಷ್ಟು ಕುಣಿಯುತ್ತದೆ ಅನ್ನುವ ಅಂಕಿ) 0.4, ವಿಎಎಸ್ (ಕೋನ್‌ನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ) 20 ಲೀಟರ್ ಅಂತ ಇಟ್ಟುಕೊಳ್ಳಿ. ಮುಚ್ಚಿದ ಡಬ್ಬದಲ್ಲಿ ಹದವಾದ ಬೇಸ್ ಬೇಕಾದರೆ ಡಬ್ಬ ಸೇರಿದ ಮೇಲೆ ಅದೇ ಕುಣಿತದ ಅಂಕಿ, ಅಂದರೆ ಕ್ಯೂ, 0.707 ಆಗಬೇಕು. 0.707ನ್ನು 0.4ರಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆಯಿರಿ. ಬಂದದ್ದು 2.12. ಇದರಿಂದ 20 ಲೀಟರನ್ನು ಭಾಗಿಸಿದರೆ 9.4 ಲೀಟರ್. ಒಳಅಳತೆ 17, 20, 29 ಸೆಂಟಿಮೀಟರ್ ಇಟ್ಟರೆ ಸುಮಾರು 9.9 ಲೀಟರ್ ಆಗುತ್ತದೆ. ಊಫರ್‌ನ ಅಯಸ್ಕಾಂತ, ಕ್ರಾಸ್‌ಓವರ್ ಹಲಗೆ, ಒಳಗಿನ ಅಡ್ಡಪಟ್ಟಿ ತಿನ್ನುವ ಅರ್ಧ ಲೀಟರ್ ಕಳೆದರೆ ಲೆಕ್ಕ ಸರಿಹೋಯಿತು. ಈ ಡಬ್ಬದಲ್ಲಿ ಬೇಸ್ 80 ಹರ್ಟ್ಜ್‌ವರೆಗೆ ಗಟ್ಟಿಯಾಗಿ ನಿಂತು, ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ.

ಇನ್ನೂ ಕೆಳಗಿನ ಬೇಸ್ ಬೇಕು ಅನ್ನುವವರು ಡಬ್ಬಕ್ಕೆ ಕೊಳವೆ ಇಡುತ್ತಾರೆ. ಘಟ ನುಡಿಸುವವರು ಅದರ ಬಾಯಿಯನ್ನು ತಮ್ಮ ಹೊಟ್ಟೆಗೆ ಒತ್ತಿ ತೆಗೆದು ಗುಂಯ್ ಅನ್ನಿಸುತ್ತಾರಲ್ಲ, ಅಲ್ಲಿ ಒಳಗಿನ ಗಾಳಿ ಸ್ಪ್ರಿಂಗ್ ಥರ, ಬಾಯಿಯಲ್ಲಿರುವ ಗಾಳಿ ಅದಕ್ಕೆ ಕಟ್ಟಿದ ತೂಕದ ಥರ ಕೆಲಸ ಮಾಡುತ್ತದೆ. ಕೊಳವೆಯ ಡಬ್ಬವೂ ಅಷ್ಟೇ. ಆದರೆ ಮೊದಲ ಸಲ ಕಟ್ಟುವವರಿಗೆ ನಾನು ಮುಚ್ಚಿದ ಡಬ್ಬವನ್ನೇ ಹೇಳುತ್ತೇನೆ. ಅಳತೆ ಅರ್ಧ ಲೀಟರ್ ಆಚೀಚೆ ಆದರೂ ಕೆಡುವುದಿಲ್ಲ.

ಹಲಗೆ 18 ಮಿಲಿಮೀಟರ್ ಇರಲಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊರೆಯೋಕೆ ಸುಲಭ, ಆದರೆ ನೀರು ಕುಡಿದರೆ ಊದಿಕೊಳ್ಳುತ್ತದೆ. ಮಲೆನಾಡು, ಕರಾವಳಿ ಕಡೆಯವರು ಒಳ್ಳೆಯ ಪ್ಲೈವುಡ್ ತಗೊಳ್ಳುವುದೇ ಮೇಲು. ಮನೆಯಲ್ಲಿ ಗರಗಸ ಹಿಡಿದು ಒದ್ದಾಡಬೇಡಿ. ಅಳತೆ ಬರೆದು ಕೊಟ್ಟರೆ ಪ್ಲೈವುಡ್ ಅಂಗಡಿಯವರೇ ಮಷೀನಿನಲ್ಲಿ ನೇರವಾಗಿ ಕತ್ತರಿಸಿಕೊಡುತ್ತಾರೆ. ಒಳಗೆ ತುಂಬೋಕೆ ದಿಂಬಿನ ಪಾಲಿಯೆಸ್ಟರ್ ಸಾಕು. ಹಳೆಯ ಕುರಿ ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಅದು ಇನ್ನೂ ಚೆನ್ನ. ಒರಟು ಉಣ್ಣೆ ಮಧ್ಯದ ಶಬ್ದವನ್ನು ಹೀರಿಕೊಳ್ಳುವ ಹಾಗೆ ಬೇರೆ ಯಾವುದೂ ಹೀರಿಕೊಂಡಿದ್ದನ್ನು ನಾನು ಕೇಳಿಲ್ಲ.

ಕಾಯಿಲ್, ಕಂಡೆನ್ಸರ್

ಈಗ ಮುಖ್ಯ ವಿಷಯ. ಬೀಸುಕಲ್ಲು ನೆನಪಿಸಿಕೊಳ್ಳಿ. ನಿಧಾನವಾಗಿ ತಿರುಗಿಸಿದರೆ ಸರಾಗ ತಿರುಗುತ್ತದೆ. ಗೂಟ ಹಿಡಿದು ಪಟಪಟ ಅಂತ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ, ಜಗ್ಗುವುದೇ ಇಲ್ಲ. ತಾಮ್ರದ ಕಾಯಿಲ್ ಕರೆಂಟಿಗೆ ಹೀಗೇ. ನಿಧಾನದ ಕಂಪನ ಹೋಗಲು ಬಿಡುತ್ತದೆ, ವೇಗದ್ದನ್ನು ತಡೆಯುತ್ತದೆ. ಕಂಡೆನ್ಸರ್ ಅಂದರೆ ನೀರಿನ ಪೈಪಿನ ನಡುವೆ ಕಟ್ಟಿದ ರಬ್ಬರ್ ಹಾಳೆ. ಒಂದೇ ಕಡೆಗೆ ನೀರು ನೂಕಿದರೆ ದಾಟಲ್ಲ. ಬೇಗಬೇಗ ಅಲುಗಿಸಿದರೆ ಹಾಳೆಯೂ ಅಲುಗಿ, ಆ ಅಲುಗಾಟ ಆಚೆ ಬದಿಗೆ ತಲುಪುತ್ತದೆ. ಹಾಗಾಗಿ ಊಫರ್ ದಾರಿಯಲ್ಲಿ ಕಾಯಿಲ್, ಟ್ವೀಟರ್ ದಾರಿಯಲ್ಲಿ ಕಂಡೆನ್ಸರ್.

ಒಂದೊಂದೇ ಹಾಕಿದರೆ ಶಬ್ದ ಒಂದು ಸ್ಥಾಯಿಗೆ 6 ಡೆಸಿಬಲ್‌ನಂತೆ ಇಳಿಯುತ್ತದೆ. ಟ್ವೀಟರ್ ಉಳಿಸೋಕೆ ಇದು ಸಾಲದು. ಅದಕ್ಕೇ ಎರಡನೆಯ ಮೆಟ್ಟಿಲು. ಊಫರ್‌ಗೆ ಅಡ್ಡಲಾಗಿ ಒಂದು ಕಂಡೆನ್ಸರ್. ಕಾಯಿಲ್ ದಾಟಿ ಬಂದ ಚೂರುಪಾರು ಏರು ನಾದ ಊಫರ್‌ಗೆ ಹೋಗದೆ ಆ ಅಡ್ಡದಾರಿ ಹಿಡಿಯುತ್ತದೆ. ಟ್ವೀಟರ್‌ಗೆ ಅಡ್ಡಲಾಗಿ ಒಂದು ಕಾಯಿಲ್, ಅಲ್ಲಿ ತಗ್ಗಿನ ನಾದಕ್ಕೆ ಅಡ್ಡದಾರಿ. ಈಗ ಸ್ಥಾಯಿಗೆ 12 ಡೆಸಿಬಲ್. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಪ್ರಕಟಿಸಿದ, ಅವರ ಮತ್ತು ರಸ್ ರೈಲಿ ಹೆಸರಿನಲ್ಲಿ ಕರೆಯುವ ಹಂಚಿಕೆಯಲ್ಲಿ, ಕೈ ಬದಲಾಗುವ ಜಾಗದಲ್ಲಿ ಎರಡೂ ಸ್ಪೀಕರ್ ಅರ್ಧರ್ಧ ಒತ್ತಡ ಕೊಡುತ್ತವೆ. ಅರ್ಧ ಅರ್ಧ ಸೇರಿ ಒಂದು. ಇಳಿಜಾರು ಸಮ, ಮಧ್ಯೆ ಉಬ್ಬೂ ಇಲ್ಲ, ಗುಂಡಿಯೂ ಇಲ್ಲ.

ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಓಮ್. 8 ಓಮ್ ಸ್ಪೀಕರ್, 2,500 ಹರ್ಟ್ಜ್‌ಗೆ ಈ ಹಂಚಿಕೆ ಕೇಳುವುದು 4 ಮೈಕ್ರೋಫ್ಯಾರಡ್ ಕಂಡೆನ್ಸರ್, 1 ಮಿಲಿಹೆನ್ರಿ ಕಾಯಿಲ್. ಎರಡು ದಾರಿಗೂ ಅದೇ ಅಂಕಿ. 4 ಮೈಕ್ರೋಫ್ಯಾರಡ್ ಎಲ್ಲಿ ಸಿಗುತ್ತೆ? ಎಲೆಕ್ಟ್ರಿಕಲ್ ಅಂಗಡಿಯಲ್ಲೇ! ಫ್ಯಾನ್ ಕಂಡೆನ್ಸರ್ 2.5, 3.15, 4 ಹೀಗೆ ಬರುತ್ತವೆ. ಒಳಗಿರುವುದು ಪಾಲಿಪ್ರಾಪಿಲೀನ್ ಫಿಲ್ಮ್, 440 ವೋಲ್ಟ್ ಎಸಿ ತಡೆಯುತ್ತದೆ. ದುಬಾರಿ ಆಡಿಯೋ ಕಂಡೆನ್ಸರ್‌ನಲ್ಲೂ ಇರುವುದು ಅದೇ ಜಾತಿಯ ಫಿಲ್ಮ್. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡ್‌ವರೆಗೆ ಹೋಗುವ ಅಗತ್ಯವೂ ಇಲ್ಲ. ಆದರೆ ಕೊಂಡ ಮೇಲೆ ಮೀಟರ್‌ನಲ್ಲಿ ಅಳೆಯಿರಿ, ಎಡ ಬಲ ಸ್ಪೀಕರ್‌ಗೆ ಹೊಂದುವ ಜೋಡಿ ಆರಿಸಿ. ಪ್ಲಸ್ ಮೈನಸ್ ಇರುವ ಮಾಮೂಲಿ ಎಲೆಕ್ಟ್ರೋಲಿಟಿಕ್ ಮಾತ್ರ ಯಾವತ್ತೂ ಬೇಡ. ಇಲ್ಲಿ ಹರಿಯೋದು ಎರಡೂ ಕಡೆಗೆ ತಿರುಗುವ ಕರೆಂಟು.

ಕಾಯಿಲ್ ಸುತ್ತೋಣ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 18ನೇ ಗೇಜಿನ ಎನಾಮಲ್ ತಾಮ್ರದ ತಂತಿಯನ್ನು ತೂಕಕ್ಕೆ ಕೊಡುತ್ತಾರೆ. ಒಂದಿಂಚಿನ ಪಿವಿಸಿ ಪೈಪಿನ ತುಂಡು, ಎರಡು ಬದಿಗೆ ತೆಳು ಪ್ಲೈವುಡ್‌ನ ಬಿಲ್ಲೆ, ನಡುವೆ 20 ಮಿಲಿಮೀಟರ್ ಜಾಗ. ಬಿಲ್ಲೆಯ ಸಣ್ಣ ತೂತಿನಿಂದ ತಂತಿಯ ತುದಿ ಹೊರಗೆ ತಂದು ಮಡಚಿ. ಎಡಗೈಲಿ ತಂತಿಯನ್ನು ಬಟ್ಟೆಯ ಮೂಲಕ ಬಿಗಿ ಹಿಡಿದು, ಬಲಗೈಲಿ ಪೈಪು ತಿರುಗಿಸುತ್ತಾ ಹೋಗಿ. ಒಂದು ಪದರಕ್ಕೆ ಸುಮಾರು 15 ಸುತ್ತು. ಪ್ರತಿ ಪದರ ಮುಗಿದಾಗ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ, ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ. ಐದಾರು ಪದರ ಆದ ಮೇಲೆ ತಂತಿ ತಾನಾಗಿಯೇ ಕೆಳಗಿನ ಸುತ್ತುಗಳ ಸಂದಿಯಲ್ಲಿ ಕೂರೋಕೆ ಶುರುವಾಗುತ್ತದೆ. ಆಗ ಬರುವ ಸಣ್ಣ ಕಿರ್ ಸದ್ದು ನನಗೆ ಬಹಳ ಇಷ್ಟ. 165 ಸುತ್ತಿನ ಹತ್ತಿರ 1 ಮಿಲಿಹೆನ್ರಿ ಬರುತ್ತದೆ. ಕೈಯಲ್ಲಿ ಸುತ್ತಿದಾಗ ಅಷ್ಟು ಕರಾರುವಾಕ್ಕಾಗಿ ಬರಲ್ಲ, ಅದಕ್ಕೇ 175 ಸುತ್ತಿ, ಮಿಲಿಹೆನ್ರಿ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಹಾಕಿ, ಒಂದೊಂದೇ ಸುತ್ತು ಬಿಚ್ಚುತ್ತಾ ಬನ್ನಿ. ಸುತ್ತು ಶೇಕಡಾ 10 ಜಾಸ್ತಿಯಾದರೆ ಮೌಲ್ಯ ಶೇಕಡಾ 20ರಷ್ಟು ಏರುತ್ತದೆ, ನೆನಪಿರಲಿ. ಒಂದು ಕಾಯಿಲ್‌ಗೆ ಸುಮಾರು 24 ಮೀಟರ್, ಕಾಲು ಕೆಜಿ ತಾಮ್ರ ಹಿಡಿಯುತ್ತದೆ. ರೆಸಿಸ್ಟೆನ್ಸ್ 0.36 ಓಮ್ ಆಸುಪಾಸು. ಟ್ವೀಟರ್ ಕಡೆಯ ಕಾಯಿಲ್‌ಗೆ ಇನ್ನೂ ತೆಳು ತಂತಿ ನಡೆಯುತ್ತದೆ.

ಸೋಲ್ಡರ್ ಮಾಡುವ ಮುಂಚೆ ಎನಾಮಲ್ ಪೂರಾ ಕೆರೆದು ತೆಗೆಯಿರಿ. ಮೇಲೆ ಹೊಳೆಯುವ ಬೆಸುಗೆ, ಒಳಗೆ ಸಂಪರ್ಕವೇ ಇಲ್ಲ ಅನ್ನುವ ಪರಿಸ್ಥಿತಿ ಇಲ್ಲೇ ಹುಟ್ಟೋದು. ಹಲಗೆ ಮೇಲೆ ಎರಡು ಕಾಯಿಲ್ ಪಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಬೇಡಿ. ಒಂದರ ಕಾಂತಕ್ಷೇತ್ರ ಇನ್ನೊಂದರಲ್ಲಿ ನುಗ್ಗಿ, ಊಫರ್ ಶಬ್ದ ಟ್ವೀಟರ್‌ಗೆ ಸೋರುತ್ತದೆ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ, ಮಧ್ಯೆ ಒಂದು ಗೇಣು ಬಿಡಿ. ಕಾಯಿಲ್ ನಡುವೆ ಕಬ್ಬಿಣದ ಸ್ಕ್ರೂ ಹಾಕಿದರೆ ಮೌಲ್ಯವೇ ಬದಲಾಗುತ್ತದೆ. ಹಿತ್ತಾಳೆ ಸ್ಕ್ರೂ ಅಥವಾ ಪ್ಲಾಸ್ಟಿಕ್ ಟೈ ಬಳಸಿ.

ಇನ್ನು ನನ್ನ ಆ ಎರಡು ವೈರ್ ಕಥೆ. ಈ ಎರಡು ಮೆಟ್ಟಿಲಿನ ಹಂಚಿಕೆಯಲ್ಲಿ ಕೈ ಬದಲಾಗುವ ಜಾಗದಲ್ಲಿ ಊಫರ್ ಕಂಪನದ ಕಾಲು ಸುತ್ತು ಹಿಂದೆ ಬೀಳುತ್ತದೆ, ಟ್ವೀಟರ್ ಕಾಲು ಸುತ್ತು ಮುಂದೆ ಹೋಗುತ್ತದೆ. ಒಟ್ಟು ಅರ್ಧ ಸುತ್ತು. ಅಂದರೆ ಒಂದು ಗಾಳಿ ನೂಕುವಾಗ ಇನ್ನೊಂದು ಎಳೆಯುತ್ತದೆ. ಪ್ಲಸ್‌ಗೆ ಪ್ಲಸ್ ಅಂತ ಅಚ್ಚುಕಟ್ಟಾಗಿ ಜೋಡಿಸಿದ್ದೆ, ಅದೇ ತಪ್ಪಾಗಿತ್ತು. 2,500 ಹರ್ಟ್ಜ್‌ನಲ್ಲಿ ದೊಡ್ಡ ಗುಂಡಿ ಬಿದ್ದಿತ್ತು, ಹಾಡುವವರ ದನಿ ಅದರೊಳಗೆ ಇಳಿದುಹೋಗಿತ್ತು. ಇಲ್ಲಿ ಟ್ವೀಟರನ್ನು ತಿರುಗಿಸಿ ಕೊಡುವುದೇ ಸರಿ.

8 ಓಮ್ ಅನ್ನೋದು 8 ಓಮ್ ಅಲ್ಲ

ಇಷ್ಟು ಹೊತ್ತು ಹೇಳಿದ ಲೆಕ್ಕಕ್ಕೆ ಒಂದು ದೊಡ್ಡ ಷರತ್ತಿದೆ. ಊಫರ್ ಮೇಲೆ 8 ಓಮ್ ಅಂತ ಬರೆದಿರುತ್ತದೆ. ಮಲ್ಟಿಮೀಟರ್ ಇಟ್ಟರೆ 6 ಚಿಲ್ಲರೆ ತೋರಿಸುತ್ತದೆ. ಅನುರಣನದ ಹತ್ತಿರ ಅದೇ ಊಫರ್‌ನ ಓಮ್ ಹಲವು ಪಟ್ಟು ಏರುತ್ತದೆ, ಆಮೇಲೆ ಇಳಿಯುತ್ತದೆ, ಮತ್ತೆ ಮೇಲಿನ ಕಂಪನಗಳಲ್ಲಿ ತನ್ನದೇ ಕಾಯಿಲ್‌ನ ಜಡತೆಯಿಂದ ಏರುತ್ತಾ ಹೋಗುತ್ತದೆ. ಸೂತ್ರ 8 ಅಂದುಕೊಂಡಿರುತ್ತದೆ, ಊಫರ್ 15 ಅನ್ನುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡುಗಳನ್ನು ನಾನು ಬೇಡ ಅನ್ನೋದು ಇದಕ್ಕೇ. ಯಾವ ಸ್ಪೀಕರ್ ಅಂತಲೇ ಗೊತ್ತಿಲ್ಲದೆ ಅಳತೆ ತೆಗೆಯದೆ ಹೊಲಿದ ಬಟ್ಟೆ ಅದು.

ಏರಿಕೆಯನ್ನು ತಣಿಸೋಕೆ ಊಫರ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಒಂದು ಕಂಡೆನ್ಸರ್ ಸಾಲಾಗಿ ಹಾಕುತ್ತಾರೆ. ಜೋಬೆಲ್ ಅಂತ ಕರೀತಾರೆ. ರೆಸಿಸ್ಟರ್ ಮಲ್ಟಿಮೀಟರ್ ತೋರಿಸಿದ ಅಳತೆಯ ಒಂದೂಕಾಲು ಪಟ್ಟು. 6.2 ಓಮ್, 0.7 ಮಿಲಿಹೆನ್ರಿ ಇರುವ ಊಫರ್‌ಗೆ 8 ಓಮ್ ಮತ್ತು 12 ಮೈಕ್ರೋಫ್ಯಾರಡ್ ಹತ್ತಿರ ಬರುತ್ತದೆ. ಒಂದೇ ವೋಲ್ಟೇಜಿಗೆ ಟ್ವೀಟರ್ 91 ಡೆಸಿಬಲ್, ಊಫರ್ 87 ಶಬ್ದ ಕೊಟ್ಟರೆ ಟ್ವೀಟರನ್ನು 4 ಡೆಸಿಬಲ್ ತಗ್ಗಿಸಬೇಕು. ಸಾಲಿನಲ್ಲಿ 3 ಓಮ್, ಅಡ್ಡಲಾಗಿ 14ರ ಆಸುಪಾಸು. 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಸಾಕು.

ಇನ್ನೊಂದು ಸಂಗತಿ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಏರು ನಾದ ಡಬ್ಬದ ಮುಂಬದಿ ಹಲಗೆಗೆ ಆತು ಮುಂದಕ್ಕೆ ಬರುತ್ತದೆ. ತಗ್ಗಿನ ನಾದದ ಅಲೆ ದೊಡ್ಡದು, ಡಬ್ಬವನ್ನು ಬಳಸಿ ಹಿಂದಕ್ಕೂ ಹರಿದುಹೋಗುತ್ತದೆ. 20 ಸೆಂಟಿಮೀಟರ್ ಅಗಲದ ಡಬ್ಬದಲ್ಲಿ ಈ ಬದಲಾವಣೆ 560 ಹರ್ಟ್ಜ್ ಸುತ್ತ ಆಗುತ್ತದೆ, ಬಯಲಿನಲ್ಲಿ ನಷ್ಟ 6 ಡೆಸಿಬಲ್‌ವರೆಗೆ. ಗಂಗೂಬಾಯಿ ಹಾನಗಲ್ ಅವರ ಆ ಗಟ್ಟಿ, ತುಂಬು ದನಿಯನ್ನು ಹಾಕಿ ನೋಡಿ. ಇದನ್ನು ಸರಿಪಡಿಸದ ಸ್ಪೀಕರ್‌ನಲ್ಲಿ ಅದು ಬಡವಾಗಿ, ತೆಳ್ಳಗೆ ಕೇಳಿಸುತ್ತದೆ. ಮದ್ದು ಸುಲಭ. ಊಫರ್ ದಾರಿಯ ಕಾಯಿಲನ್ನು 1ರ ಬದಲು 1.5 ಮಿಲಿಹೆನ್ರಿ ಹತ್ತಿರ ಮಾಡಿ, ಟ್ವೀಟರನ್ನು ಇನ್ನೂ ಸ್ವಲ್ಪ ತಗ್ಗಿಸಿ. ಸ್ಪೀಕರ್ ಗೋಡೆಗೆ ಹತ್ತಿರ ಇರುವುದಾದರೆ ಗೋಡೆಯೇ ಅರ್ಧ ನಷ್ಟ ವಾಪಸ್ ಕೊಡುತ್ತದೆ, ಆಗ ಇಷ್ಟು ಬೇಡ.

ಇಷ್ಟೆಲ್ಲ ಬದಲಾವಣೆ ಸರಿಯಾಯಿತಾ ಅಂತ ತಿಳಿಯೋಕೆ ಅಳೆಯಲೇಬೇಕು. ಒಂದು ಯುಎಸ್‌ಬಿ ಮೈಕ್, ರೂಮ್ ಈಕ್ಯೂ ವಿಝಾರ್ಡ್ ಅನ್ನುವ ಉಚಿತ ತಂತ್ರಾಂಶ, ಗಾಳಿ ಇಲ್ಲದ ಸಂಜೆ, ಮನೆಯ ಟೆರೇಸ್. ಸ್ಪೀಕರ್ ಮತ್ತು ಮೈಕ್ ಎರಡನ್ನೂ ಒಂದೂವರೆ ಮೀಟರ್ ಎತ್ತರದಲ್ಲಿ, ಒಂದು ಮೀಟರ್ ದೂರ ಇಡಿ. ನೆಲಕ್ಕೆ ಬಡಿದು ಬರುವ ಪ್ರತಿಧ್ವನಿ ನೇರ ಶಬ್ದಕ್ಕಿಂತ 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅದು ಬರುವ ಮುಂಚೆಯೇ ಅಳತೆ ಕತ್ತರಿಸಿದರೆ 170 ಹರ್ಟ್ಜ್‌ನಿಂದ ಮೇಲಿನದ್ದೆಲ್ಲ ನಂಬಬಹುದು. ಈಗ ಟ್ವೀಟರ್ ವೈರ್ ಬೇಕಂತಲೇ ತಿರುಗಿಸಿ, ಅಂದರೆ ಪ್ಲಸ್‌ಗೆ ಪ್ಲಸ್ ಅಂತ ತಪ್ಪಾಗಿ ಜೋಡಿಸಿ, ಮತ್ತೊಮ್ಮೆ ಅಳೆಯಿರಿ. ಕೈ ಬದಲಾಗುವ ಜಾಗದಲ್ಲಿ 20 ಡೆಸಿಬಲ್ ಅಥವಾ ಇನ್ನೂ ಆಳದ ಗುಂಡಿ ಬಿದ್ದರೆ ಸಂತೋಷಪಡಿ. ಇಷ್ಟು ಚೆನ್ನಾಗಿ ಅಳಿಸಿಕೊಳ್ಳುತ್ತವೆ ಅಂದರೆ, ಸರಿಯಾಗಿ ಜೋಡಿಸಿದಾಗ ಅಷ್ಟೇ ಚೆನ್ನಾಗಿ ಕೂಡಿಕೊಳ್ಳುತ್ತವೆ. ಗುಂಡಿ ಆಳವಿಲ್ಲದಿದ್ದರೆ ಒಂದು ಕಂಡೆನ್ಸರ್ ಚೂರು ಹೆಚ್ಚುಕಮ್ಮಿ ಮಾಡಿ ಮತ್ತೆ ಅಳೆಯಿರಿ. ಇಲ್ಲಿ ಒಂದು ವಾರ ಕಳೆದರೂ ಅದು ವ್ಯರ್ಥವಲ್ಲ.

ಪಾಲಿಶ್, ಮತ್ತೆ ಮುಚ್ಚುವುದು

ಅಳತೆ ಮುಗಿಯುವವರೆಗೆ ಪಾಲಿಶ್ ಮುಟ್ಟಬೇಡಿ. ತೂತುಗಳೆಲ್ಲ ಕೊರೆದಾಗಿರಲಿ. ಟ್ವೀಟರ್‌ನ ತಟ್ಟೆ ಹಲಗೆಯ ಮಟ್ಟಕ್ಕೆ ಕೂರುವ ಹಾಗೆ ತಗ್ಗು ತೋಡಿ, ಅಂಚು ಎದ್ದಿದ್ದರೆ ಶಬ್ದ ಅಲ್ಲಿ ತಾಗಿ ಚದುರುತ್ತದೆ.

ವಿನೀರ್ ಅಂಟಿಸೋಕೆ ಸುಲಭ ದಾರಿ ಇಸ್ತ್ರಿ ಪೆಟ್ಟಿಗೆ. ಬಿಳಿ ಫೆವಿಕಾಲ್ ಹಲಗೆಗೂ ವಿನೀರ್‌ಗೂ ತೆಳ್ಳಗೆ ಬಳಿದು ಒಣಗಲು ಬಿಡಿ. ಒಣಗಿದ ಮೇಲೆ ಒಂದರ ಮೇಲೊಂದು ಇಟ್ಟು, ಬಟ್ಟೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಇಸ್ತ್ರಿ ಒತ್ತುತ್ತಾ ಹೋಗಿ. ಅಂಟು ಕರಗಿ ಹಿಡಿಯುತ್ತದೆ. ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಮತ್ತೊಮ್ಮೆ ಒತ್ತಿ. ಆಮೇಲೆ 180, 240, 320 ನಂಬರಿನ ಸ್ಯಾಂಡ್ ಪೇಪರ್, ಯಾವಾಗಲೂ ಮರದ ಎಳೆಯ ದಿಕ್ಕಿಗೇ. ವಿನೀರ್ ತೆಳು, ಅಂಚಿನಲ್ಲಿ ಜೋರು ಮಾಡಿದರೆ ಕೆಳಗಿನ ಪ್ಲೈ ಕಾಣುತ್ತದೆ.

ಪಾಲಿಶ್‌ಗೆ ನನಗೆ ಅರಗೇ ಇಷ್ಟ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು, ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಹತ್ತಿಯ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಅದ್ದಿ, ತೆಳ್ಳಗೆ ಸವರಿ. ದಪ್ಪವಾಗಿ ಎರಡು ಸಲ ಬಳಿಯುವುದಕ್ಕಿಂತ ತೆಳ್ಳಗೆ ಹತ್ತು ಸಲ ಸವರುವುದು ಮೇಲು. ಮಳೆ ಹಿಡಿದ ದಿನ ಮಾಡಬೇಡಿ, ಗಾಳಿಯ ತೇವ ಸಿಕ್ಕಿಕೊಂಡು ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಕಾಫಿ ಲೋಟ ಇಡುವ ಮನೆಯಾದರೆ ಮೆಲಮೈನ್ ಪಾಲಿಶ್ ಗಟ್ಟಿ.

ಡ್ರೈವರ್ ಕೂರಿಸುವಾಗ ಕೆಳಗೆ ಫೋಮ್ ಟೇಪ್ ಹಾಕಿ. ಸ್ಕ್ರೂ ತಿರುಗಿಸುವಾಗ ಎಡಗೈಯನ್ನು ಕೋನ್ ಮೇಲೆ ಅಡ್ಡ ಹಿಡಿಯಿರಿ. ಅಯಸ್ಕಾಂತ ಸ್ಕ್ರೂ ಡ್ರೈವರನ್ನು ಥಟ್ಟನೆ ಎಳೆದು ಕೋನ್‌ಗೆ ತೂತು ಮಾಡುವುದು ಒಂದು ಕ್ಷಣದ ಕೆಲಸ. ಎಲ್ಲ ಬಿಗಿದ ಮೇಲೆ ಊಫರ್ ಕೋನನ್ನು ಎರಡು ಬದಿಯಿಂದ ಸಮನಾಗಿ ಮೆತ್ತಗೆ ಒಳಗೆ ಒತ್ತಿ ಬಿಡಿ. ನಿಧಾನವಾಗಿ ವಾಪಸ್ ಬಂದರೆ ಡಬ್ಬ ಸೋರುತ್ತಿಲ್ಲ. ಥಟ್ಟನೆ ಬಂದರೆ ಎಲ್ಲೋ ಸಂದಿ ಇದೆ, ಹುಡುಕಿ ಮುಚ್ಚಿ.

ಆದರೆ ಮುಚ್ಚುವ ಮುಂಚೆ ಒಂದು ಕೆಲಸ. ಕ್ರಾಸ್‌ಓವರ್ ನಕ್ಷೆ, ಪ್ರತಿ ಕಾಯಿಲ್‌ನ ಸುತ್ತು, ಪ್ರತಿ ಕಂಡೆನ್ಸರ್‌ನ ಅಳೆದ ಮೌಲ್ಯ, ಟ್ವೀಟರ್ ವೈರ್ ಯಾವ ಕಡೆಗೆ ತಿರುಗಿಸಿದ್ದು, ಇಷ್ಟನ್ನೂ ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು ಹಿಂಬದಿ ಹಲಗೆಯ ಒಳಗೆ ಅಂಟಿಸಿ. ನನ್ನ ಮೊದಲ ಜೋಡಿಯ ಒಳಗೆ ಈ ಹಾಳೆ ಎರಡಿವೆ. ಒಂದು ತಪ್ಪು ಜೋಡಣೆಯದ್ದು, ಅದರ ಮೇಲೆ ಕೆಂಪು ಶಾಯಿಯಲ್ಲಿ ಎಳೆದ ಗೆರೆ. ಇನ್ನೊಂದು ಈಗ ನುಡಿಯುತ್ತಿರುವುದು.